ಎಫ್‌ಎಂಜಿಇ: 146ಕ್ಕೆ ನಿಂತೆ, ಮೂರನೇ ಸಲ ಬರೆಯಲಾ?

ತೀರ್ಥಹಳ್ಳಿ_ಮಳೆ

ಎಲ್ಲರಿಗೂ ನಮಸ್ಕಾರ. ಎಫ್‌ಎಂಜಿಇ, ಅಂದರೆ ಹೊರದೇಶದಲ್ಲಿ ಡಾಕ್ಟರ್ ಓದಿದವರು ಇಲ್ಲಿ ವೈದ್ಯರಾಗಲು ಪಾಸಾಗಬೇಕಾದ ಪರೀಕ್ಷೆ, ಅದನ್ನು ಬರೆದವರು ಯಾರಾದರೂ ಇಲ್ಲಿದ್ದರೆ ಸ್ವಲ್ಪ ದಾರಿ ಹೇಳಿ.

ನಾನು 2018ರಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ಗೆ ಡಾಕ್ಟರ್ ಓದಲು ಹೋದೆ. 2024ರಲ್ಲಿ ಮುಗಿಸಿಕೊಂಡು ಬಂದೆ. 2025ರ ಜನವರಿಯಲ್ಲಿ ಮೊದಲ ಸಲ ಬರೆದಾಗ 300ಕ್ಕೆ 131. ಜುಲೈನಲ್ಲಿ ಮತ್ತೆ ಬರೆದೆ, 146. ಪಾಸಾಗಲು 150 ಬೇಕು. ನಾಲ್ಕೇ ನಾಲ್ಕು ಪ್ರಶ್ನೆ. ರಿಸಲ್ಟ್ ಬಂದ ರಾತ್ರಿ ಪೂರ್ತಿ ಆ ನಾಲ್ಕು ಯಾವುದಿರಬಹುದು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ. ಸರಿ ಉತ್ತರ ಒತ್ತಿ ಆಮೇಲೆ ಬದಲಾಯಿಸಿದ್ದೇ ಅಷ್ಟಿದ್ದವು.

ಅಪ್ಪನದು ಎರಡೂವರೆ ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕೆ ಇಳಿದಿದೆ. ನನ್ನ ಓದಿನ ಸಾಲ ಇನ್ನೂ ತೀರಿಲ್ಲ. ಊರಲ್ಲಿ ಎಲ್ಲರೂ ಡಾಕ್ಟ್ರಮ್ಮ ಅಂತಲೇ ಕರೆಯುತ್ತಾರೆ. ಮೊನ್ನೆ ಪಕ್ಕದ ಮನೆ ಅಜ್ಜಿ ಶುಗರ್ ರಿಪೋರ್ಟ್ ಹಿಡಿದುಕೊಂಡು ಬಂದು ಮಾತ್ರೆ ಬರೆದುಕೊಡು ಅಂದರು. ನಾನು ಬರೆಯುವ ಹಾಗಿಲ್ಲ ಅಜ್ಜಿ ಅಂದೆ. "ಆರು ವರ್ಷ ಓದಿ ಮಾತ್ರೆ ಬರೆಯಕ್ಕೆ ಬರಲ್ವಾ?" ಅಂತ ಕೇಳಿದರು. ಅವರಿಗೆ ಏನು ಹೇಳಲಿ?

ಈಗ ಪೇಟೆಯ ಒಂದು ನರ್ಸಿಂಗ್ ಹೋಮ್‌ನವರು ರಾತ್ರಿ ಡ್ಯೂಟಿಗೆ ಬಾ, ರಿಜಿಸ್ಟ್ರೇಷನ್ ಆಮೇಲೆ ನೋಡೋಣ ಅಂತಿದ್ದಾರೆ. ತಿಂಗಳಿಗೆ 18 ಸಾವಿರ. ಮನೆಯಲ್ಲಿ ಅಮ್ಮನಿಗೆ ಅದು ಸರಿ ಅನಿಸಿದೆ. ಮೂರನೇ ಸಲ ಬರೆಯಲಾ, ಇದನ್ನು ಹಿಡಿಯಲಾ?

ಸುಮ್ನೆ_ಓದುವವ

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳುತ್ತೇನೆ. ಎಲ್ಲ ಪ್ರಶ್ನೆಗೂ ನಾಲ್ಕು ಆಯ್ಕೆ. ತಪ್ಪಾದರೆ ಮಾರ್ಕ್ಸ್ ಕಳೆಯುವುದಿಲ್ಲ. ಕಣ್ಣು ಮುಚ್ಚಿ ಒತ್ತಿದರೂ 75 ಬರುತ್ತೆ. ಉಳಿದ 75 ತೆಗೆಯಲು ಆರು ವರ್ಷದ ಓದು ಸಾಲದಾ? ರ್‍ಯಾಂಕ್ ಇಲ್ಲ, ಪೈಪೋಟಿ ಇಲ್ಲ, ಎಷ್ಟು ಜನ ಬೇಕಾದರೂ ಪಾಸಾಗಬಹುದು. ಆದರೂ 2015ರಿಂದ 2018ರವರೆಗೆ ಬರೆದ 61,708 ಜನರಲ್ಲಿ ಪಾಸಾದವರು 8,764. ನೂರಕ್ಕೆ 14. 2025ರ ಜುಲೈನಲ್ಲೂ ನೂರಕ್ಕೆ 19ರ ಆಸುಪಾಸು. ಇದು ಪರೀಕ್ಷೆಯ ತಪ್ಪಾ? ನನ್ನ ಅಮ್ಮನ ಕೈಗೆ ಡ್ರಿಪ್ ಹಾಕುವವರು ಈ ಪರೀಕ್ಷೆ ದಾಟಿ ಬಂದಿರಲಿ ಅಂತ ನಾನು ಬಯಸಿದರೆ ತಪ್ಪಾ?

ತಾಲೂಕು_ಆಸ್ಪತ್ರೆ

ತಂಗಿ, ಮೊದಲು ಆ ನರ್ಸಿಂಗ್ ಹೋಮ್ ವಿಷಯ. ಬೇಡ. ರಿಜಿಸ್ಟ್ರೇಷನ್ ಇಲ್ಲದೆ ಚಿಕಿತ್ಸೆ ಕೊಟ್ಟರೆ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ರಾತ್ರಿ ಎರಡು ಗಂಟೆಗೆ ಎದೆನೋವು ಅಂತ ಒಬ್ಬರು ಬರುತ್ತಾರೆ. ದೊಡ್ಡ ಡಾಕ್ಟ್ರು ಫೋನ್ ಎತ್ತುವುದಿಲ್ಲ. ಏನಾದರೂ ಆದರೆ ಕೇಸ್ ಶೀಟ್‌ನಲ್ಲಿ ಇರುವುದು ನಿಮ್ಮ ಅಕ್ಷರ. ಮಾಲೀಕರು "ಅವರು ಟ್ರೈನಿ" ಅಂದುಬಿಡುತ್ತಾರೆ. ಇದು ಬರೀ ಹೆದರಿಸುವ ಮಾತಲ್ಲ. 2022ರ ಡಿಸೆಂಬರ್‌ನಲ್ಲಿ ಎಫ್‌ಎಂಜಿಇ ಪಾಸಾಗದೆಯೇ ರಿಜಿಸ್ಟ್ರೇಷನ್ ಮಾಡಿಸಿಕೊಂಡಿದ್ದಾರೆ ಅಂತ 73 ಜನರ ಮೇಲೆ ಸಿಬಿಐ ಕೇಸ್ ಹಾಕಿತು. 18 ಸಾವಿರಕ್ಕೆ ಅಷ್ಟು ದೊಡ್ಡ ಅಪಾಯ ತಗೋಬೇಡಿ.

ಇನ್ನು ಪರೀಕ್ಷೆ. ನಾನೂ ಹೊರಗೆ ಓದಿದವನೇ, ಚೀನಾದಲ್ಲಿ. ಎರಡನೇ ಸಲಕ್ಕೆ ಪಾಸಾದೆ. ಈಗ ರಾಯಚೂರು ಜಿಲ್ಲೆಯ ತಾಲೂಕು ಆಸ್ಪತ್ರೆಯಲ್ಲಿದ್ದೇನೆ.

@ಸುಮ್ನೆ_ಓದುವವ ಅವರೇ, ನೀವು ಕೊಟ್ಟ ಅದೇ ನಾಲ್ಕು ವರ್ಷದ ಲೆಕ್ಕವನ್ನು ದೇಶವಾರು ಬಿಡಿಸಿ ನೋಡಿ. ಚೀನಾದಲ್ಲಿ ಓದಿದವರು ನೂರಕ್ಕೆ 12 ಜನ ಪಾಸು. ನೇಪಾಳದಲ್ಲಿ ಓದಿದವರು ಹದಿನೇಳು ಚಿಲ್ಲರೆ. ಬಾಂಗ್ಲಾದೇಶದವರು 27. ಬಾಂಗ್ಲಾಕ್ಕೆ ಹೋದವರೆಲ್ಲ ಬುದ್ಧಿವಂತರು, ಚೀನಾಕ್ಕೆ ಹೋದವರೆಲ್ಲ ದಡ್ಡರು ಅಂತಲ್ಲ. ಬಾಂಗ್ಲಾದ ಸಿಲೆಬಸ್ ನಮ್ಮದರ ಹಾಗೇ ಇದೆ. ಅಲ್ಲಿ ವಾರ್ಡ್‌ನಲ್ಲಿ ಮಲಗಿರುವ ರೋಗಿಗೆ ಟೈಫಾಯ್ಡ್, ಟಿಬಿ, ಡೆಂಗಿ ಇರುತ್ತೆ. ನಾನಿದ್ದ ಊರಿನಲ್ಲಿ ಐದು ವರ್ಷಕ್ಕೆ ಒಂದು ಹಾವು ಕಡಿತದ ಕೇಸ್ ನೋಡಲಿಲ್ಲ. ಇಲ್ಲಿ ಮಳೆಗಾಲದಲ್ಲಿ ವಾರಕ್ಕೆ ಮೂರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ ಅನ್ನುವುದನ್ನು ನಾನು ಕಲಿತಿದ್ದು ಎಫ್‌ಎಂಜಿಇಗೆ ಓದುವಾಗ. ಕಾಲೇಜಿನಲ್ಲಲ್ಲ.

ಹಾಗಾಗಿ ನಾನು ಪರೀಕ್ಷೆಯನ್ನು ಬೈಯುವುದಿಲ್ಲ. ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದು ಬಂದವರಿಗೆ ಅಟ್ರೋಪಿನ್ ಎಷ್ಟು, ಯಾವಾಗ ನಿಲ್ಲಿಸಬೇಕು, ಇದನ್ನು ಅದು ಕೇಳಿದರೆ ಕೇಳಲಿ. ನನ್ನ ಸಿಟ್ಟೆಲ್ಲ, ಹೋಗುವ ಮೊದಲು ಈ ಪರೀಕ್ಷೆಯ ಹೆಸರನ್ನೇ ಹೇಳದೆ ಕಳಿಸುತ್ತಾರಲ್ಲ, ಅವರ ಮೇಲೆ.

ತೀರ್ಥಹಳ್ಳಿ_ಮಳೆ

ಸರ್, ನೀವು ಹೇಳಿದ್ದು ಓದಿ ನಗುನೂ ಬಂತು, ಅಳುನೂ ಬಂತು. ನಮ್ಮದು ಮಂಗನ ಕಾಯಿಲೆ ಸೀಮೆ. 1957ರಲ್ಲಿ ಅದು ಮೊದಲು ಪತ್ತೆಯಾದ ಕ್ಯಾಸನೂರು ಇರುವುದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ. ಚಿಕ್ಕವಳಿದ್ದಾಗ ಕಾಡಿಗೆ ಸೊಪ್ಪಿಗೆ ಹೋಗುವ ಮೊದಲು ಅಜ್ಜಿ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು, ಉಣುಗು ಹತ್ತದಿರಲಿ ಅಂತ. ಮೊನ್ನೆ ಮಾಕ್ ಟೆಸ್ಟ್‌ನಲ್ಲಿ ಆ ಉಣುಗಿನ ವೈಜ್ಞಾನಿಕ ಹೆಸರು ಕೇಳಿದ್ದರು. ನಾಲ್ಕರಲ್ಲಿ ಯಾವುದು ಅಂತ ಗೊತ್ತಾಗಲಿಲ್ಲ. ಹೀಮಾಫೈಸಾಲಿಸ್ ಸ್ಪಿನಿಜೆರಾ ಅಂತೆ. ಅದು ನನ್ನ ಕಾಲಿಗೆ ಹತ್ತು ಸಲ ಕಚ್ಚಿರಬಹುದು!

ಬಿಷ್ಕೆಕ್‌ನಲ್ಲಿ ಪಾಠ ಇಂಗ್ಲಿಷ್‌ನಲ್ಲೇ ಇತ್ತು, ಸುಳ್ಳು ಹೇಳಬಾರದು. ಆದರೆ ಆಸ್ಪತ್ರೆಯಲ್ಲಿ ರೋಗಿಗಳು ಮಾತಾಡುತ್ತಿದ್ದುದು ರಷ್ಯನ್ ಇಲ್ಲಾ ಕಿರ್ಗಿಜ್. ನಮಗೆ ಬರುತ್ತಿದ್ದ ರಷ್ಯನ್ ಅಂದರೆ "ಎಲ್ಲಿ ನೋವು", "ಎಷ್ಟು ದಿನದಿಂದ". ಅವರು ಉದ್ದವಾಗಿ ಏನೋ ಹೇಳುತ್ತಾರೆ. ನಾವು ತಲೆ ಆಡಿಸುತ್ತೇವೆ. ಮೇಡಂ ಎರಡು ಮಾತಿನಲ್ಲಿ ಇಂಗ್ಲಿಷ್‌ಗೆ ತರುತ್ತಾರೆ. ಹಿಸ್ಟರಿ ತೆಗೆದುಕೊಳ್ಳುವುದು ಅಂದರೆ ಅಷ್ಟೇ ಅಂದುಕೊಂಡಿದ್ದೆ. ಅದರ ಮೇಲೆ 2020ರಲ್ಲಿ ಕೊರೊನಾ ಬಂತು. ಊರಿಗೆ ಬಂದು ಒಂದು ವರ್ಷಕ್ಕೂ ಜಾಸ್ತಿ ಮೊಬೈಲ್‌ನಲ್ಲಿ ಕ್ಲಾಸ್. ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಫಾರ್ಮಕಾಲಜಿ ಕೇಳಿದ್ದೇನೆ.

ಗದಗಿನ_ಅಪ್ಪ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಹುಡುಗ ಈ ಸಲ ನೀಟ್‌ನಲ್ಲಿ 720ಕ್ಕೆ 310 ತಗೊಂಡಿದ್ದಾನೆ. ಕಟ್‌ಆಫ್ ದಾಟಿದ್ದಾನೆ, ಆದರೆ ಸರ್ಕಾರಿ ಸೀಟು ಸಿಗಲ್ಲ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ರೊಕ್ಕ ಕೇಳಿ ಎದೆ ಒಡೀತು. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಒಬ್ಬ ಕನ್ಸಲ್ಟೆನ್ಸಿಯವರು ಸೆಮಿನಾರ್ ಮಾಡಿದರು. 25 ಲಕ್ಷದಲ್ಲಿ ಎಲ್ಲಾ ಮುಗೀತದೆ, ಊಟ ನಮ್ಮ ಕಡೇದೇ, ಕಾಲೇಜು "ಎನ್‌ಎಂಸಿ ಅಪ್ರೂವ್ಡ್" ಅಂದರು. ಈ ಪರೀಕ್ಷೆ ಬಗ್ಗೆ ಕೇಳಿದ್ದಕ್ಕೆ "ಅದೇನು ದೊಡ್ಡದಲ್ಲ ಸರ್, ನಾವೇ ಕೋಚಿಂಗ್ ಕೊಡ್ತೀವಿ" ಅಂದರು. ಇಲ್ಲಿ ಓದಿದರೆ ಬೇರೆಯೇ ಕಾಣುತ್ತಿದೆ. ಏನು ಮಾಡಲಿ?

ಕಾಗದ_ನೋಡಿ

ಗದಗಿನ ಅಣ್ಣಾ, ಒಂದೇ ಮಾತು ನೆನಪಿಡಿ. ಎನ್‌ಎಂಸಿ ಹೊರದೇಶದ ಯಾವ ಕಾಲೇಜಿಗೂ ಅಪ್ರೂವಲ್ ಕೊಡುವುದಿಲ್ಲ. ಹಾಗೊಂದು ಪಟ್ಟಿಯೇ ಇಲ್ಲ. ಆ ಮಾತು ಕೇಳಿದ ಕೂಡಲೇ ಎದ್ದು ಬರಬಹುದಿತ್ತು. (ಊಟ ಮುಗಿಸಿಕೊಂಡೇ ಬನ್ನಿ.)

ಎನ್‌ಎಂಸಿ ಹೇಳುವುದು ಇಷ್ಟೇ: ನಮ್ಮ ನಿಯಮಕ್ಕೆ ಹೊಂದುವ ಕೋರ್ಸ್ ಓದಿ ಬಂದರೆ ಪರೀಕ್ಷೆಗೆ ಕೂರಿಸುತ್ತೇವೆ. ಆ ನಿಯಮ 2021ರ ನವೆಂಬರ್ 18ರಂದು ಬಂತು. ಆಮೇಲೆ ಸೇರಿದವರೆಲ್ಲರಿಗೂ ಅದೇ. ಕೋರ್ಸ್ ಕಡಿಮೆ ಅಂದರೂ 54 ತಿಂಗಳು, ಅದೂ ಇಂಗ್ಲಿಷ್‌ನಲ್ಲಿ. ಅದರ ಮೇಲೆ ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಎರಡು ವರ್ಷ ಅಲ್ಲಿ, ಮೂರು ವರ್ಷ ಇನ್ನೊಂದು ದೇಶದಲ್ಲಿ, ಕೊನೆಗೆ ಇಂಡಿಯಾದ ಆಸ್ಪತ್ರೆಯಲ್ಲಿ ಟ್ರೈನಿಂಗ್, ಇದೆಲ್ಲ ನಡೆಯುವುದಿಲ್ಲ. ಇಷ್ಟಾದ ಮೇಲೆ ಇಲ್ಲಿ ಪರೀಕ್ಷೆ, ಮತ್ತೆ ಇಲ್ಲಿ 12 ತಿಂಗಳ ಇಂಟರ್ನ್‌ಶಿಪ್.

ಎಲ್ಲರೂ ಮರೆಯುವ ಷರತ್ತು ಒಂದಿದೆ. ನಿಮ್ಮ ಮಗನಿಗೆ ಸಿಗುವ ಡಿಗ್ರಿಯಿಂದ ಆ ದೇಶದಲ್ಲೇ ಡಾಕ್ಟರಿಕೆ ಮಾಡಲು ಲೈಸೆನ್ಸ್ ಸಿಗಬೇಕು. ಅದೂ ಆ ದೇಶದ ಪ್ರಜೆಗೆ ಕೊಡುವಂಥದ್ದೇ. ಹೊರಗಿನವರಿಗೆ ಅಂತ ಬೇರೆ ಡಿಗ್ರಿ ಕೊಟ್ಟು ವಿಮಾನ ಹತ್ತಿಸುವ ಕಾಲೇಜುಗಳಿವೆ. ಏಜೆಂಟರನ್ನು ಇದೊಂದು ಕೇಳಿ: "ಇಲ್ಲಿ ಓದಿದ ನಮ್ಮ ಹುಡುಗ ನಾಳೆ ಅಲ್ಲೇ ಕ್ಲಿನಿಕ್ ಇಡಬಹುದಾ? ಯಾವ ಕಾನೂನಿನ ಪ್ರಕಾರ?" ಮಾತು ಬದಲಾಯಿಸುತ್ತಾರೆ ನೋಡಿ.

ಫಿಲಿಪ್ಪೀನ್ಸ್‌ಗೆ ಹೋದವರು ಸಿಕ್ಕಿಬಿದ್ದಿದ್ದು ಇಂಥದ್ದರಲ್ಲೇ. ಅಲ್ಲಿ ಮೊದಲು ಬಿಎಸ್ (ವಿಜ್ಞಾನದ ಪದವಿ), ಆಮೇಲೆ ನಾಲ್ಕು ವರ್ಷದ ಎಂಡಿ (ಅಲ್ಲಿ ಅದೇ ಡಾಕ್ಟರ್ ಡಿಗ್ರಿ). ಬಿಎಸ್ ಅನ್ನು ಇಲ್ಲಿ ಮೆಡಿಕಲ್ ಅಂತ ಲೆಕ್ಕ ಹಿಡಿಯುವುದಿಲ್ಲ. ಎಂಡಿ 48 ತಿಂಗಳು. 54ಕ್ಕೆ ಆರು ಕಮ್ಮಿ. ಆರು ತಿಂಗಳಿಗೆ ಎಷ್ಟೋ ಮನೆಗಳ ದುಡ್ಡು, ವರ್ಷ ಎರಡೂ ಹೋಯಿತು.

ಖಾರ್ಕಿವ್_ವಾಪಸ್

ಕಾಗದದ ಮಾತು ಬಂತಲ್ಲ, ನನ್ನದೂ ಕೇಳಿ. 2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾದಾಗ ನಾನು ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷ. ಮೆಟ್ರೋ ಸ್ಟೇಷನ್‌ನ ನೆಲದಲ್ಲಿ ಮಲಗಿದ್ದೆವು. ಮಾರ್ಚ್ 1ಕ್ಕೆ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ಹುಡುಗ ತೀರಿಕೊಂಡ ಸುದ್ದಿ ಬಂತು. ಬೆಳಿಗ್ಗೆ ಊಟದ ಸಾಮಾನು ತರಲು ಹೊರಗೆ ಹೋಗಿದ್ದ. ಅವನ ಮನೆಯವರು ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ಕೊಟ್ಟರು. ಅದರ ಬಗ್ಗೆ ಜಾಸ್ತಿ ಬರೆಯಲು ನನಗೆ ಈಗಲೂ ಆಗುವುದಿಲ್ಲ.

ವಾಪಸ್ ಬಂದ ಮೇಲೆ ಆರು ತಿಂಗಳು ಏನೂ ಗೊತ್ತಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ, ಬೇರೆ ದೇಶದ ಕಾಲೇಜಿಗೆ ಹೋಗಿ ಓದು ಮುಂದುವರಿಸಬಹುದು, ಡಿಗ್ರಿ ಮಾತ್ರ ಉಕ್ರೇನ್ ಕಾಲೇಜಿನದ್ದೇ ಅಂತ ಎನ್‌ಎಂಸಿ ಒಪ್ಪಿತು. ನಾನು ಜಾರ್ಜಿಯಾಕ್ಕೆ ಹೋದೆ. ಈಗ ಎರಡು ದೇಶದ ಅಂಕಪಟ್ಟಿ, ಎರಡು ವೀಸಾ, ನಡುವಿನ ಆನ್‌ಲೈನ್ ತಿಂಗಳುಗಳು. ಎಲ್ಲದಕ್ಕೂ ಒಂದೊಂದು ಪತ್ರ.

@ತೀರ್ಥಹಳ್ಳಿ_ಮಳೆ ಅಕ್ಕಾ, ನೀವು ಆನ್‌ಲೈನ್ ಓದಿದ ಕಾಲಕ್ಕೆ ಆಮೇಲೆ ನೇರವಾಗಿ ಪಾಠ ಮಾಡಿಸಿದ್ದೇವೆ ಅಂತ ಕಾಲೇಜಿನಿಂದ ಪತ್ರ ತಂದಿದ್ದೀರಾ? ಪಾಸಾದ ಮೇಲೆ ಅದನ್ನು ಕೇಳುತ್ತಾರೆ. ಅದಿಲ್ಲದಿದ್ದರೆ ಒಂದು ವರ್ಷದ ಇಂಟರ್ನ್‌ಶಿಪ್ ಎರಡೋ ಮೂರೋ ಆಗಬಹುದು. ಹಳೇ ಪಾಸ್‌ಪೋರ್ಟ್ ಬಿಸಾಕಬೇಡಿ, ಹೋಗಿ ಬಂದ ಸ್ಟ್ಯಾಂಪ್ ಇರುವ ಪ್ರತಿ ಹಾಳೆಯೂ ಬೇಕು.

ಸುಮ್ನೆ_ಓದುವವ

ಯುದ್ಧದಲ್ಲಿ ಸಿಕ್ಕವರ ಬಗ್ಗೆ ನನ್ನ ಮಾತಿಲ್ಲ. ಕೊರೊನಾ ಕಾಲದ ಬಗ್ಗೆಯೂ ಇಲ್ಲ. ಆದರೆ 310 ತಗೊಂಡವರನ್ನು ಕಳಿಸುವಾಗಲೇ ಗೊತ್ತಿರಬೇಕಲ್ವಾ? ನೀಟ್‌ನಲ್ಲಿ ಹಿಂದೆ ಬಿದ್ದವರು ಆರು ವರ್ಷದ ಮೇಲೆ ಇನ್ನೊಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಆಶ್ಚರ್ಯ ಏನಿದೆ?

ತಾಲೂಕು_ಆಸ್ಪತ್ರೆ

ಹಾಗಾದರೆ ನಮ್ಮ ದೇಶದಲ್ಲೇ 310 ತಗೊಂಡು ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಕೂತವರು? ಅವರು ಈ ಪರೀಕ್ಷೆ ಬರೆಯುವುದಿಲ್ಲ. ಕಾಲೇಜಿನ ಪರೀಕ್ಷೆ ಮುಗಿಸಿ, ಇಂಟರ್ನ್‌ಶಿಪ್ ಮಾಡಿ, ಬೋರ್ಡ್ ಹಾಕುತ್ತಾರೆ. ಅದೇ ಮಾರ್ಕ್ಸ್, ಬೇರೆ ಜೇಬು.

ಇದನ್ನು ಸರಿ ಮಾಡಲು ಅಂತಲೇ 2019ರ ಎನ್‌ಎಂಸಿ ಕಾಯ್ದೆಯಲ್ಲಿ ನೆಕ್ಸ್ಟ್ ಅನ್ನುವ ಪರೀಕ್ಷೆ ಬರೆದಿಟ್ಟರು. ಇಲ್ಲಿ ಓದಿದವರು, ಹೊರಗೆ ಓದಿದವರು, ಎಲ್ಲರಿಗೂ ಒಂದೇ. 2023ರ ಜುಲೈ 28ಕ್ಕೆ ಮಾಕ್ ಟೆಸ್ಟ್ ಅಂತ ದಿನಾಂಕವನ್ನೂ ಕೊಟ್ಟರು. ಆಮೇಲೆ ಮುಂದಕ್ಕೆ ಹಾಕಿದರು. ಮುಂದಕ್ಕೆ ಹಾಕಿದ್ದು ಹಾಗೇ ಇದೆ. ಇಲ್ಲಿನ ವಿದ್ಯಾರ್ಥಿಗಳೇ ಬೇಡ ಅಂದರು. ನಾನು ಆವತ್ತೂ ಹೇಳಿದ್ದೆ, ಈಗಲೂ ಹೇಳುತ್ತೇನೆ: ಎಲ್ಲರನ್ನೂ ಕೂರಿಸಿ. ಆಗ ನೂರಕ್ಕೆ ಎಷ್ಟು ಅಂತ ಒಟ್ಟಿಗೆ ನೋಡೋಣ.

ಸುಮ್ನೆ_ಓದುವವ

ಈ ಮಾತು ಒಪ್ಪಿದೆ. ಎಲ್ಲರಿಗೂ ಒಂದೇ ಪರೀಕ್ಷೆ ಇರಲಿ. ಆದರೆ 150 ಅನ್ನುವ ಗೆರೆ ಮಾತ್ರ ಇಳಿಯಬಾರದು.

ತಾಲೂಕು_ಆಸ್ಪತ್ರೆ

ಇಳಿಸಿ ಅಂತ ಯಾರು ಕೇಳಿದರು? 😀

ಮ್ಯಾಂಚೆಸ್ಟರ್_ಚಳಿ

ಮಂಡ್ಯದವನು, ಈಗ ಇಂಗ್ಲೆಂಡ್‌ನಲ್ಲಿದ್ದೇನೆ. ಎಫ್‌ಎಂಜಿಇ ಬಿಟ್ಟು ಪ್ಲ್ಯಾಬ್ (ಹೊರಗೆ ಓದಿದ ಡಾಕ್ಟರ್‌ಗಳಿಗೆ ಇಲ್ಲಿನ ಪರೀಕ್ಷೆ) ಬರೆದು ಇಲ್ಲಿಗೆ ಬನ್ನಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಪ್ಲ್ಯಾಬ್‌ನ ಮೊದಲ ಭಾಗ 180 ಪ್ರಶ್ನೆ, ಮೂರು ಗಂಟೆ. ಎರಡನೆಯದಕ್ಕೆ ಮ್ಯಾಂಚೆಸ್ಟರ್‌ಗೇ ಬರಬೇಕು. ಅಲ್ಲಿ ರೋಗಿಯ ಹಾಗೆ ನಟಿಸುವವರ ಮುಂದೆ ಕೂತು ಮಾತಾಡಬೇಕು. ಔಷಧಿ ಗೊತ್ತಿದ್ದರೆ ಸಾಲದು, ಸಾವಿನ ಸುದ್ದಿ ಹೇಗೆ ಹೇಳುತ್ತೀರಿ ಅನ್ನುವುದಕ್ಕೂ ಮಾರ್ಕ್ಸ್. ವಿಮಾನ, ವೀಸಾ, ಫೀಸು, ರೂಮು ಎಲ್ಲ ಸೇರಿದರೆ ಎರಡು ಎಕರೆ ತೋಟದ ಒಂದು ವರ್ಷದ ಫಸಲು ಸಾಲುವುದಿಲ್ಲ. ಪಾಸಾದವರೂ ಈಗ ಕೆಲಸ ಸಿಗದೆ ಕೂತಿದ್ದಾರೆ. ನಾನು ಬಂದಾಗ ಹೀಗಿರಲಿಲ್ಲ.

ಜರ್ಮನಿ ಅನ್ನುವವರಿಗೂ ಅಷ್ಟೇ. ಮೊದಲು ಭಾಷೆ, ಆಮೇಲೆ ಡಾಕ್ಟರ್‌ಗಳಿಗೇ ಬೇರೆ ಭಾಷಾ ಪರೀಕ್ಷೆ, ಆಮೇಲೆ ಉಳಿದದ್ದು. ಇನ್ನೆರಡು ವರ್ಷ ಹೋಗುತ್ತೆ. ನಾಲ್ಕು ಮಾರ್ಕ್ಸ್ ದೂರದಲ್ಲಿ ಇರುವವರು ನಾಲ್ಕು ಸಾವಿರ ಮೈಲಿ ದೂರ ಯಾಕೆ ಬರಬೇಕು ತಂಗಿ?

ತೀರ್ಥಹಳ್ಳಿ_ಮಳೆ

ಸರಿ. ನರ್ಸಿಂಗ್ ಹೋಮ್‌ಗೆ ಇಲ್ಲ ಅಂದೆ. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಜೈಲಿನ ಸೆಕ್ಷನ್ ತೋರಿಸಿದ ಮೇಲೆ ಈಗ ಅವರೇ ನೆಂಟರಿಗೆಲ್ಲ ಅದನ್ನು ಹೇಳುತ್ತಿದ್ದಾರೆ.

ಈಗ ಓದುವುದು ಹೇಗೆ ಹೇಳಿ. ಎರಡು ಸಲವೂ ನಾನು ಮೆಡಿಸಿನ್, ಸರ್ಜರಿ ದೊಡ್ಡದು ಅಂತ ಅದರಲ್ಲೇ ಮುಳುಗಿದ್ದೆ. ಪಿಎಸ್‌ಎಂ (ಸಮುದಾಯ ಆರೋಗ್ಯದ ವಿಷಯ) ಕೊನೆಯ ವಾರಕ್ಕೆ ಉಳಿಯಿತು.

ತಾಲೂಕು_ಆಸ್ಪತ್ರೆ

ಅಲ್ಲೇ ನಿಮ್ಮ ನಾಲ್ಕು ಮಾರ್ಕ್ಸ್ ಬಿದ್ದಿದೆ.

ನೋಡಿ ತಂಗಿ, ಮೆಡಿಸಿನ್‌ಗೆ 33, ಸರ್ಜರಿಗೆ 32. ಪಿಎಸ್‌ಎಂ ಒಂದಕ್ಕೇ 30! ಹೆರಿಗೆ ಮತ್ತು ಸ್ತ್ರೀರೋಗಕ್ಕೆ 30. ಮೆಡಿಸಿನ್ ಪುಸ್ತಕ ಎಷ್ಟು ದಪ್ಪ, ಪಿಎಸ್‌ಎಂ ಪುಸ್ತಕ ಎಷ್ಟು? ಪುಟಕ್ಕೆ ಎಷ್ಟು ಮಾರ್ಕ್ಸ್ ಅಂತ ಲೆಕ್ಕ ಹಾಕಿ ಓದಿ. ಇದು ಕಳ್ಳದಾರಿ ಅನಿಸಬಹುದು. ಅಲ್ಲ. ನಮ್ಮ ದೇಶದ ಲಸಿಕೆ ಪಟ್ಟಿ, ಟಿಬಿ ಕಾರ್ಯಕ್ರಮ, ಆಶಾ ಕಾರ್ಯಕರ್ತೆ ಎಷ್ಟು ಜನಕ್ಕೆ ಒಬ್ಬರು, ಕುಡಿಯುವ ನೀರಿಗೆ ಕ್ಲೋರಿನ್ ಎಷ್ಟು, ಇವನ್ನೆಲ್ಲ ಹೊರದೇಶದಲ್ಲಿ ಯಾಕಾದರೂ ಕಲಿಸುತ್ತಾರೆ? ನೀವೇ ಕಲಿಯಬೇಕು. ನಾಳೆ ಪಿಎಚ್‌ಸಿಗೆ ಹಾಕಿದರೆ ನಿಮ್ಮ ಅರ್ಧ ಕೆಲಸ ಇದೇ. ನಿಮ್ಮೂರಿನ ಅಂಗನವಾಡಿಗೆ ಲಸಿಕೆ ದಿನ ಹೋಗಿ ಒಂದು ಗಂಟೆ ಕೂತುಕೊಳ್ಳಿ. ಯಾವ ವಯಸ್ಸಿಗೆ ಯಾವುದು, ತೊಡೆಗೋ ತೋಳಿಗೋ, ನರ್ಸ್ ಅಕ್ಕನ ಕೈ ನೋಡಿದರೆ ಜನ್ಮದಲ್ಲಿ ಮರೆಯಲ್ಲ.

ಫೊರೆನ್ಸಿಕ್ 10 ಮಾರ್ಕ್ಸ್. ಹಳೇ ನೋಟ್ಸ್ ಇಟ್ಟುಕೊಂಡಿದ್ದರೆ ಎಸೆಯಿರಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂದಿದೆ. ನಿರ್ಲಕ್ಷ್ಯದಿಂದ ಸಾವು ಅಂದರೆ 304ಎ ಅಂತ ನಾವು ಬಾಯಿಪಾಠ ಮಾಡಿದ್ದೆವು, ಈಗ 106. ಪೊಲೀಸರ ಶವ ಪಂಚನಾಮೆ ಸಿಆರ್‌ಪಿಸಿಯ 174 ಇದ್ದದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 194. ಹತ್ತು ಸಂಖ್ಯೆ ಕಲಿತರೆ ಒಂದೆರಡು ಮಾರ್ಕ್ಸ್ ಗ್ಯಾರಂಟಿ ಅಂದುಕೊಳ್ಳಿ.

ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಮೊದಲ ವರ್ಷದ ಪಾಠ ಅಂತ ಬಿಡಬೇಡಿ, ಮೂರೂ ಸೇರಿದರೆ 51. ಕಣ್ಣು, ಕಿವಿ-ಮೂಗು-ಗಂಟಲು, ಮಕ್ಕಳದು ತಲಾ 15. ಕಣ್ಣು ಮತ್ತು ಇಎನ್‌ಟಿ ಸಣ್ಣ ಪುಸ್ತಕ, ಎರಡೂ ಸೇರಿ 30. ಚರ್ಮ, ಮನೋರೋಗ, ಅರಿವಳಿಕೆ, ಎಕ್ಸ್‌ರೇ ಇಂಥವು ಐದೈದು. ಇವನ್ನು ಒಂದೊಂದು ದಿನಕ್ಕಿಂತ ಜಾಸ್ತಿ ಓದಬೇಡಿ.

ಕೋಚಿಂಗ್‌ಗೆ ದೆಹಲಿಗೆ ಹೋಗಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಹೋಗಿದ್ದೆ. ಕಿಟಕಿ ಇಲ್ಲದ ರೂಮಿಗೆ ತಿಂಗಳಿಗೆ ಎಂಟು ಸಾವಿರ ಕೊಟ್ಟು, ಇನ್ನೂರು ಜನರ ಕ್ಲಾಸ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಮೊದಲ ಸಲ ಫೇಲಾದೆ. ಎರಡನೇ ಸಲ ಊರಲ್ಲೇ ಕೂತು ದಿನಕ್ಕೆ 100 ಪ್ರಶ್ನೆ ಬಿಡಿಸಿದೆ. ತಪ್ಪಾದದ್ದನ್ನು ಮಾತ್ರ ನೋಟ್‌ಬುಕ್‌ನಲ್ಲಿ ಬರೆದೆ. ಆ ನೋಟ್‌ಬುಕ್ಕೇ ನನ್ನ ಕೋಚಿಂಗ್. ಇನ್ನೊಬ್ಬರಿಗೆ ದೆಹಲಿಯೇ ಸರಿ ಹೋಗಬಹುದು, ನನಗೆ ಹೋಗಲಿಲ್ಲ.

ಮತ್ತೆ, ಒಂದೇ ದಿನ ಎರಡು ಪೇಪರ್. 150 ಪ್ರಶ್ನೆಗೆ ಎರಡೂವರೆ ಗಂಟೆ, ನಡುವೆ ಬಿಡುವು, ಮತ್ತೆ ಅಷ್ಟೇ. ಮಧ್ಯಾಹ್ನದ ಪೇಪರ್‌ನಲ್ಲಿ ತಲೆ ಓಡುವುದಿಲ್ಲ. ವಾರಕ್ಕೊಂದು ಸಲ ಮನೆಯಲ್ಲಿ ಇಡೀ ದಿನ ಕೂತು 300 ಬಿಡಿಸಿ. ಉತ್ತರ ಬದಲಾಯಿಸುವ ಕೈಯನ್ನು ಕಟ್ಟಿಹಾಕಿ!

ಗದಗಿನ_ಅಪ್ಪ

ಇದನ್ನೆಲ್ಲ ಮಗನಿಗೆ ಓದಿಸಿದೆ. ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಅಪ್ಪಾ, ಇನ್ನೊಂದು ವರ್ಷ ನೀಟ್ ಓದುತ್ತೇನೆ" ಅಂದ. ಆದರೆ ಮತ್ತೆ ಆಗದಿದ್ದರೆ? ಆಗ ಹೊರಗೆ ಕಳಿಸಬಹುದಾ, ಈ ಸಲದ ನೀಟ್ ನಡೆಯುತ್ತದಾ?

ಕಾಗದ_ನೋಡಿ

ಹೊರದೇಶಕ್ಕೆ ಹೋಗುವುದಕ್ಕೆ ಆದರೆ ನೀಟ್ ಮಾರ್ಕ್ಸ್ ಮೂರು ವರ್ಷ ನಡೆಯುತ್ತದೆ. ಹಾಗಾಗಿ ಒಂದು ವರ್ಷ ಕಾದರೆ ಬಾಗಿಲು ಮುಚ್ಚಿಹೋಗಲ್ಲ. "ಇವತ್ತೇ ಅಡ್ವಾನ್ಸ್ ಕಟ್ಟಿ, ನಾಳೆ ಸೀಟಿಲ್ಲ" ಅನ್ನುವವರಿಗೆ ಇದನ್ನೇ ಹೇಳಿ.

ಹೋಗುವುದೇ ಆದರೆ, ಬಂದ ಮೇಲೆ ಪಾಸ್ ಆಗಬೇಕಾದ ಪರೀಕ್ಷೆಯ ಪುಸ್ತಕ ಮೊದಲ ವರ್ಷವೇ ಸೂಟ್‌ಕೇಸ್‌ನಲ್ಲಿ ಇರಲಿ. ಅಲ್ಲಿ ಅನಾಟಮಿ ನಡೆಯುವಾಗ ಇಲ್ಲಿನ ಅನಾಟಮಿ ಪ್ರಶ್ನೆಯನ್ನೂ ಬಿಡಿಸಬೇಕು. ಆರನೇ ವರ್ಷಕ್ಕೆ ಶುರು ಮಾಡಿದರೆ 19 ವಿಷಯ ಒಟ್ಟಿಗೆ ಮೇಲೆ ಬೀಳುತ್ತವೆ. ಲೆಕ್ಕವನ್ನೂ ಸರಿ ಹಾಕಿ ಅಣ್ಣಾ. 25 ಲಕ್ಷದ ಆಚೆಗೆ, ಬಂದ ಮೇಲೆ ಪಾಸಾಗುವವರೆಗೆ ಒಂದೆರಡು ವರ್ಷ ಸಂಪಾದನೆ ಇರಲ್ಲ, ಅದು ಯಾವ ಬ್ರೋಷರ್‌ನಲ್ಲೂ ಇರುವುದಿಲ್ಲ.

ನಾಲ್ಕನೇ_ಸಲಕ್ಕೆ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ನಾಲ್ಕನೇ ಸಲಕ್ಕೆ ಪಾಸಾದವಳು. ಎಷ್ಟು ಸಲ ಬೇಕಾದರೂ ಬರೆಯಬಹುದು, ಅದಕ್ಕೆ ಮಿತಿಯಿಲ್ಲ. ಆದರೆ ಮನಸ್ಸಿಗೆ ಮಿತಿ ಇದೆ. ಮೂರನೇ ಸಲ ಫೇಲಾದಾಗ ನಾನು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟೆ.

ಪಾಸಾದ ಮೇಲೆ ಏನು ಅಂತ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಕೆಎಂಸಿಯಲ್ಲಿ ಪ್ರಾವಿಷನಲ್ ರಿಜಿಸ್ಟ್ರೇಷನ್ ಮಾಡಿಸಬೇಕು. ಕೆಎಂಸಿ ಅಂದರೆ ಹುಬ್ಬಳ್ಳಿಯದಲ್ಲ, ಮಣಿಪಾಲದ್ದೂ ಅಲ್ಲ. ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ನಮ್ಮಪ್ಪ ಹುಬ್ಬಳ್ಳಿ ಬಸ್ ಹತ್ತಲು ತಯಾರಾಗಿದ್ದರು. ಆಮೇಲೆ ಇಂಟರ್ನ್‌ಶಿಪ್ ಸೀಟಿಗೆ ಕಾಯಬೇಕು. ಒಂದು ಕಾಲೇಜಿನ ಸೀಟುಗಳ ಮೇಲೆ ನಮ್ಮಂಥವರಿಗೆ ಹೆಚ್ಚುವರಿಯಾಗಿ ಕೊಡುವುದು ನೂರಕ್ಕೆ ಏಳೂವರೆ ಮಾತ್ರ. 150 ಸೀಟಿನ ಕಾಲೇಜಾದರೆ 11 ಜನ. ಇಂಟರ್ನ್‌ಶಿಪ್‌ಗೆ ಫೀಸು ತಗೋಬಾರದು, ಇಲ್ಲಿನ ಹುಡುಗರಷ್ಟೇ ಸ್ಟೈಪೆಂಡ್ ಕೊಡಬೇಕು ಅಂತ ಎನ್‌ಎಂಸಿ ಹೇಳಿದೆ. ನನಗೆ ಮೊದಲ ಐದು ತಿಂಗಳು ಬಂದಿರಲಿಲ್ಲ. ಕೇಳಿದವರಿಗೆ ಬಂತು.

ಮೊದಲ ದಿನ ವಾರ್ಡ್‌ನಲ್ಲಿ ರಕ್ತ ತೆಗೆಯಲು ನನ್ನ ಕೈ ನಡುಗಿತು. ಪಕ್ಕದ ಇಂಟರ್ನ್ ನನಗಿಂತ ನಾಲ್ಕು ವರ್ಷ ಚಿಕ್ಕವಳು. "ಅಕ್ಕಾ, ಸೂಜಿ ಇನ್ನೂ ಸ್ವಲ್ಪ ಮಲಗಿಸಿ" ಅಂದಳು. ನಾಚಿಕೆ ಪಡಲಿಲ್ಲ, ಕಲಿತೆ. ಹದಿನೈದು ದಿನದಲ್ಲಿ ಸರಿಹೋಯಿತು. ಆದರೆ ರೋಗಿ ಕನ್ನಡದಲ್ಲಿ "ಎದೆ ಉರಿ, ಸಂಕ್ಟ" ಅಂದಾಗ ಪೂರ್ತಿ ಅರ್ಥ ಆಯ್ತಲ್ಲ, ಆವತ್ತು ಆದ ಖುಷಿ ಹೇಳಲಾರೆ.

ತೀರ್ಥಹಳ್ಳಿ_ಮಳೆ

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಡಿಸೆಂಬರ್ ಸೆಷನ್‌ಗೆ ಫಾರ್ಮ್ ತುಂಬಿದೆ. ಪರೀಕ್ಷೆ ಇರುವುದು ಜನವರಿಯಲ್ಲಿ. ಫೋಟೋ ಸರಿಯಿಲ್ಲ ಅಂತ ಒಂದು ಸಲ ವಾಪಸ್ ಬಂತು. ಹಿಂದೆ ಬಿಳಿ ಗೋಡೆ ಬೇಕಂತೆ, ನಮ್ಮ ಮನೆ ಗೋಡೆ ಬಿಳಿ ಅಂತ ನಾವೇ ಅಂದುಕೊಂಡಿದ್ದೆವು. ಪೇಟೆಗೆ ಹೋಗಿ ಸ್ಟುಡಿಯೋದಲ್ಲಿ ತೆಗೆಸಿ ಹಾಕಿದೆ. ಬಿಷ್ಕೆಕ್‌ನಿಂದ ಪತ್ರ ಬಂದಿದೆ. @ಖಾರ್ಕಿವ್_ವಾಪಸ್ ತಮ್ಮಾ, ನೀನು ಹೇಳದಿದ್ದರೆ ಕೇಳುತ್ತಲೇ ಇರಲಿಲ್ಲ.

ಲಸಿಕೆ ದಿನ ಅಂಗನವಾಡಿಗೆ ಎರಡು ಸಲ ಹೋದೆ. ನರ್ಸ್ ಅಕ್ಕ ನನ್ನ ಕೈಗೆ ಪಟ್ಟಿ ಕೊಟ್ಟು, ನೀನೇ ಕರಿ, ನಾನು ಚುಚ್ಚುತ್ತೇನೆ ಅಂದರು. ಪಿಎಸ್‌ಎಂ ಮಾಕ್‌ನಲ್ಲಿ ಈಗ 30ಕ್ಕೆ 22 ಬರುತ್ತಿದೆ. ಒಟ್ಟು ಮಾಕ್‌ನಲ್ಲಿ ಕಳೆದ ಮೂರು ವಾರ 161, 154, 168. 154 ಬಂದ ದಿನ ಮಧ್ಯಾಹ್ನ ಊಟ ಜಾಸ್ತಿ ಮಾಡಿದ್ದೆ, ಅದೇ ಕಾರಣ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಇಲ್ಲಿ ಈಗ ಅಡಿಕೆ ಕೊನೆ (ಗೊನೆ) ಕೊಯ್ಲು. ರಾತ್ರಿ ಅಂಗಳದಲ್ಲಿ ಎಲ್ಲರೂ ಅಡಿಕೆ ಸುಲಿಯಲು ಕೂರುತ್ತೇವೆ. ನಾನು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠ ಕೇಳುತ್ತಾ ಸುಲಿಯುತ್ತೇನೆ. ನಿನ್ನೆ ಅಪ್ಪ ತೋಟದಿಂದ ಬಂದು "ಕೊನೆ ಇನ್ನೆಷ್ಟು ಉಳೀತು?" ಅಂತ ಕೇಳಿದರು. ನಾನು ಪಟ್ಟನೆ "ಸರ್ಜರಿ ಒಂದು ರಿವಿಷನ್ ಬಾಕಿ ಅಪ್ಪ" ಅಂದೆ. ಎಲ್ಲರೂ ನಕ್ಕರು. ಅವರು ಅಡಿಕೆ ಕೇಳಿದ್ದು.